ಎಲೆಯ ಹಾಳೆ, ಮಣ್ಣಿನ ಹಾಳೆ

ಫೆಬ್ರವರಿ 8, 2024

ಕೆರೆಯಾಚೆ ಮನೆಯ ಚಿಕ್ಕಪ್ಪ ಮಣ್ಣು ಆರೋಗ್ಯ ಕಾರ್ಡು ಹಿಡಿದುಕೊಂಡು ಬಂದಿದ್ದರು. ಹನ್ನೆರಡು ಸಾಲು: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ. ಬೋರಾನ್ ಮುಂದೆ ‘ಕೊರತೆ’ ಎಂದಿದೆ, ಮಿಕ್ಕ ಲಘು ಪೋಷಕಾಂಶಗಳ ಮುಂದೆಲ್ಲ ‘ಸಾಕಷ್ಟು’. “ಯಾವ ಮೂಟೆ ತರ್ಬೇಕು ಅಂತ ಒಂದು ಚೀಟಿ ಬರ್ಕೊಡವ್ವ, ಗುಬ್ಬಿಗೆ ಹೊಂಟಿದೀನಿ” ಅಂದರು.

ಬರೆದುಕೊಡಲಿಲ್ಲ. ಕಾರ್ಡು ಸುಳ್ಳು ಅಂತಲ್ಲ. 2015ರ ಫೆಬ್ರವರಿಯಲ್ಲಿ ಶುರುವಾದ ಯೋಜನೆ ಇದು. ನೀರಾವರಿ ಜಮೀನಾದರೆ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಾದರೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯಬೇಕು ಎಂದು ಗೊತ್ತುಮಾಡಿದ್ದರು. ಹತ್ತು ಹೆಕ್ಟೇರ್ ಅಂದರೆ ಇಪ್ಪತ್ತೈದು ಎಕರೆ. ಚೇಳೂರು ಹೋಬಳಿಯಲ್ಲಿ ಅಷ್ಟು ಜಾಗದೊಳಗೆ ಎಷ್ಟು ಮನೆಯವರ ಹೊಲ ಇರುತ್ತದೆ! ದಿಬ್ಬದಲ್ಲಿ ಗರಸು, ಇಳಿಜಾರಿನಲ್ಲಿ ಕೆಮ್ಮಣ್ಣು, ಹಳ್ಳದ ಬದಿಗೆ ಮೆಕ್ಕಲು. ಚಿಕ್ಕಪ್ಪನ ಕೈಯಲ್ಲಿರುವ ಅಂಕಿ ಆ ಸೀಮೆಯದ್ದು, ಅವರ ತೋಟದ್ದೇ ಎಂದು ಹೇಳಲು ಬರುವುದಿಲ್ಲ. ಸೀಮೆಯ ಗುಣ ತಿಳಿಯಲು ಅದು ಸಾಕು. ಮರಕ್ಕೆ ಇಷ್ಟು ಗ್ರಾಂ ಎಂದು ಹಾಕಲು ಸಾಲದು.

ಸಂಜೆ ಅವರ ತೋಟಕ್ಕೇ ಹೋದೆ. ಹತ್ತು ಹನ್ನೆರಡು ವರ್ಷದ ತೆಂಗಿನ ಮರಗಳು. ಸುಳಿಯ ಹತ್ತಿರದ ಹೊಸ ಗರಿಗಳಲ್ಲಿ ಎಲೆಯ ತುದಿ ಕೊಕ್ಕೆಯಾಗಿದೆ. ಕೆಲವು ಕಡೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಿಕೊಳ್ಳಲಾಗದೆ ನಿಂತಿವೆ. ಬುಡದಲ್ಲಿ ಉದುರಿದ ಹರಳು, ಅಂದರೆ ಎಳೆಗಾಯಿ, ರಾಶಿಯಾಗಿ ಬಿದ್ದಿದೆ. ಹಳೆ ಗರಿಗಳು ಹಸಿರಾಗಿಯೇ ಇವೆ. ಹೊಸ ಎಲೆಯಲ್ಲಿ ಕಾಣುವ ಕೊರತೆ ಬೇರೆ, ಹಳೆ ಎಲೆಯಲ್ಲಿ ಕಾಣುವ ಕೊರತೆ ಬೇರೆ. ಪೊಟ್ಯಾಷ್, ಮೆಗ್ನೀಸಿಯಂ ಸಾಲದೆ ಬಂದರೆ ಮರ ಹಳೆ ಗರಿಯಿಂದ ಕಿತ್ತು ಹೊಸ ಗರಿಗೆ ಕೊಡುತ್ತದೆ, ಆದ್ದರಿಂದ ಕೆಳಗಿನ ಗರಿ ಮೊದಲು ಹಳದಿಯಾಗುತ್ತದೆ. ತೆಂಗಿನಲ್ಲಿ ಬೋರಾನ್ ಹಾಗೆ ವಾಪಸು ಬರುವುದಿಲ್ಲ, ಒಮ್ಮೆ ಕೂತ ಕಡೆಯೇ ಕೂರುತ್ತದೆ. ಕಬ್ಬಿಣವೂ ಹೆಚ್ಚು ಕಡಿಮೆ ಹಾಗೇ. ಕಣ್ಣಿಗೆ ಕಂಡದ್ದು ಬೋರಾನ್ ಕಡೆಗೇ ತೋರಿಸುತ್ತಿದೆ. ಆದರೂ ಪರೀಕ್ಷೆ ಆಗಲಿ ಅಂದೆ.

ಫೆಬ್ರವರಿ 12

ಬೆಳಗ್ಗೆ ಬಿಸಿಲೇರುವ ಮುಂಚೆ ಮಾದರಿ ತೆಗೆದೆವು. ಚಿಕ್ಕಪ್ಪ ಜಿಂಕ್ ಬಕೆಟ್ ತಂದಿಟ್ಟಿದ್ದರು. ಅದನ್ನು ಪಕ್ಕಕ್ಕಿಟ್ಟು ಪ್ಲಾಸ್ಟಿಕ್ ಬಕೆಟ್ ತರಿಸಿದೆ. ಸತುವಿನ ಲೆಕ್ಕ ಪಿಪಿಎಂನಲ್ಲಿ, ಹತ್ತು ಲಕ್ಷ ಪಾಲಿಗೆ ಒಂದು ಪಾಲು. ಆ ಬಕೆಟ್ಟಿನ ಮೈಗೆಲ್ಲ ಬಳಿದಿರುವುದೇ ಸತು. ಹಳೆ ಗೊಬ್ಬರದ ಚೀಲದಲ್ಲಿ ಮಣ್ಣು ಕಟ್ಟಿ ಕಳಿಸುವುದನ್ನೂ ನಾನು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಷ್ಟು ವರ್ಷವೂ ನೋಡಿದ್ದೇನೆ. ಆ ಮಣ್ಣಿನಲ್ಲಿ ಏನು ಅಳೆದರೂ ಚೀಲವನ್ನೂ ಸೇರಿಸಿ ಅಳೆದ ಹಾಗೆ.

ಮರದಿಂದ ಒಂದು ಮೀಟರ್ ಆಚೆಗೆ, ಪಾತಿಯೊಳಗೆ, ಮೇಲಿನ 30 ಸೆಂಟಿಮೀಟರಿನದು ಒಂದು, ಅದರ ಕೆಳಗಿನ 30 ಸೆಂಟಿಮೀಟರಿನದು ಇನ್ನೊಂದು. ಕೊಕ್ಕೆ ಗರಿಯ ಮರಗಳ ಮಣ್ಣು ಬೇರೆ, ಅದೇ ತೋಟದ ಮೇಲಿನ ಸಾಲಿನಲ್ಲಿ ಚೆನ್ನಾಗಿರುವ ಮರಗಳ ಮಣ್ಣು ಬೇರೆ. ಇದನ್ನು ಯಾರೂ ಮಾಡುವುದಿಲ್ಲ. ಕೆಟ್ಟ ಗಿಡದ ಅಂಕಿ ಒಂದನ್ನೇ ನೋಡಿದರೆ ಪುಸ್ತಕದ ಮಿತಿಯ ಜೊತೆ ಹೋಲಿಸಬೇಕು. ಪಕ್ಕದ ಒಳ್ಳೆ ಗಿಡದ ಅಂಕಿಯೂ ಇದ್ದರೆ ಅದೇ ಮಣ್ಣು, ಅದೇ ನೀರು, ಅದೇ ತಳಿಯ ಜೊತೆ ಹೋಲಿಸಬಹುದು. ಪ್ರತಿ ಮಾದರಿಯ ಮಣ್ಣನ್ನೂ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತ ಬಂದು ಅರ್ಧ ಕೆಜಿ ಉಳಿಸಿ ನೆರಳಲ್ಲಿ ಹರವಿದೆವು.

ಎಲೆ ತೆಗೆಯುವುದು ಇನ್ನೂ ಎಚ್ಚರದ ಕೆಲಸ. ತೆಂಗಿಗೆ ಮೇಲಿನಿಂದ 14ನೇ ಗರಿ. ಪೂರ್ತಿ ಬಿಚ್ಚಿದ ಮೊದಲ ಗರಿಯಿಂದ ಎಣಿಸಬೇಕು. ಎಣಿಕೆ ತಪ್ಪಿದರೆ ಹೊಂಬಾಳೆ ನೋಡಿಕೊಳ್ಳಬಹುದು: ಈಗಷ್ಟೇ ಒಡೆದ ಹೊಂಬಾಳೆ ಸುಮಾರು ಹತ್ತನೇ ಗರಿಯ ಕಂಕುಳಲ್ಲಿರುತ್ತದೆ, ಮುಷ್ಟಿ ಗಾತ್ರದ ಕಾಯಿಗೊನೆ ಇರುವುದು ಹದಿನಾಲ್ಕನೆಯದರಲ್ಲಿ. ಮರ ಹತ್ತುವ ಹುಡುಗ ಗರಿ ಪೂರ್ತಿ ಕಡಿಯಲು ಹೋದ. ಬೇಡಪ್ಪ ಎಂದು ಗರಿಯ ನಟ್ಟನಡುವಿನಿಂದ ಎರಡೂ ಕಡೆ ಮೂರು ಮೂರು ಎಲೆ ಕೀಳಿಸಿದೆ. ಆ ಎಲೆಯ ನಡುವಿನ ಗೇಣುದ್ದ ಇಟ್ಟುಕೊಂಡು, ಪೊರಕೆಗೆ ತೆಗೆಯುವ ಹಾಗೆ ಕಡ್ಡಿ ಬಿಡಿಸಿ, ಒದ್ದೆ ಹತ್ತಿಯಿಂದ ಒರೆಸಿ ಶುದ್ಧ ನೀರಿನಲ್ಲಿ ಅದ್ದಿ ತೆಗೆದೆ. ಮೊದಲ ಸಲ ಒರೆಸಿದ ಹತ್ತಿ ಕೆಂಪಗಾಯಿತು. ಚಿಕ್ಕಪ್ಪನಿಗೆ ಅದನ್ನೇ ತೋರಿಸಿದೆ. ತೊಳೆಯದೆ ಕಳಿಸಿದ್ದರೆ ಪ್ರಯೋಗಾಲಯ ಈ ಧೂಳಿನ ಕಬ್ಬಿಣವನ್ನೇ ಅಳೆದು ಎಲೆಯ ಕಬ್ಬಿಣ ಎಂದು ಬರೆಯುತ್ತಿತ್ತು.

ಮಾರ್ಚ್ 6

ಎರಡೂ ಹಾಳೆ ಬಂದವು. ರಾತ್ರಿ ದೀಪದ ಕೆಳಗೆ ಅಕ್ಕಪಕ್ಕ ಇಟ್ಟುಕೊಂಡು ಕೂತೆ.

ಮಣ್ಣಿನ ಹಾಳೆಯಲ್ಲಿ ಸತು 0.9, ಕಬ್ಬಿಣ 12, ಮ್ಯಾಂಗನೀಸ್ 10, ತಾಮ್ರ 0.7. ಇವು ಡಿಟಿಪಿಎ ವಿಧಾನದ ಅಂಕಿಗಳು. ಲಿಂಡ್ಸೆ, ನಾರ್ವೆಲ್ ಎಂಬಿಬ್ಬರು ವಿಜ್ಞಾನಿಗಳು ಪಕ್ವಗೊಳಿಸಿ 1978ರಲ್ಲಿ ಪ್ರಕಟಿಸಿದ ವಿಧಾನ. ಹತ್ತು ಗ್ರಾಂ ಮಣ್ಣಿಗೆ ಇಪ್ಪತ್ತು ಮಿಲಿಲೀಟರ್ ದ್ರಾವಣ ಹಾಕಿ ಎರಡು ಗಂಟೆ ಅಲುಗಾಡಿಸಿ ಸೋಸಬೇಕು. ಎರಡು ಗಂಟೆ ಅಂದರೆ ಎರಡೇ ಗಂಟೆ, ಊಟಕ್ಕೆ ಹೋಗಿ ಬಂದು ಎರಡೂವರೆ ಮಾಡಿದರೆ ಅಂಕಿ ಬೇರೆಯಾಗುತ್ತದೆ. ನಾವು ಇಟ್ಟುಕೊಂಡಿರುವ ಮಿತಿ ಸತುವಿಗೆ 0.6, ಕಬ್ಬಿಣಕ್ಕೆ 4.5, ಮ್ಯಾಂಗನೀಸಿಗೆ 2, ತಾಮ್ರಕ್ಕೆ 0.2 ಪಿಪಿಎಂ. ಎಲ್ಲವೂ ಮಿತಿಗಿಂತ ಮೇಲಿವೆ. ಬೋರಾನ್ ಮಾತ್ರ ಬಿಸಿನೀರಿನಲ್ಲಿ ಕುದಿಸಿ ತೆಗೆಯುವ ವಿಧಾನದಲ್ಲಿ 0.28. ಮಿತಿ 0.5. ಬೋರಾನ್ ಅಳೆಯಲು ಮಾಮೂಲಿ ಗಾಜಿನ ಪಾತ್ರೆ ಆಗದು, ಬೋರೋಸಿಲಿಕೇಟ್ ಗಾಜಿನಲ್ಲೇ ಬೋರಾನ್ ಇದೆ.

ಎಲೆಯ ಹಾಳೆಯಲ್ಲಿ ಬೋರಾನ್ 7 ಪಿಪಿಎಂ. ತೆಂಗಿನ 14ನೇ ಗರಿಯಲ್ಲಿ ಹತ್ತಕ್ಕಿಂತ ಕೆಳಗೆ ಹೋದರೆ ಕೊರತೆ ಎಂದು ಲೆಕ್ಕ. ಮೇಲಿನ ಸಾಲಿನ ಒಳ್ಳೆ ಮರಗಳಲ್ಲಿ 13. ಮಣ್ಣು ಕಡಿಮೆ ಅಂತು, ಎಲೆ ಕಡಿಮೆ ಅಂತು, ಮರವೂ ಅದನ್ನೇ ಹೇಳಿತು. ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ನನ್ನ ಕೈ ಧೈರ್ಯವಾಗಿ ಬರೆಯುತ್ತದೆ. ಮರಳು ಬೆರೆತ ಕೆಮ್ಮಣ್ಣಿನಲ್ಲಿ ಬೋರಾನ್ ಮಳೆಗೆ ಇಂಗಿ ಹೋಗುತ್ತದೆ. ಹೋದ ವರ್ಷ ಮಳೆ ಕೈಕೊಟ್ಟು ಮಣ್ಣು ಒಣಗಿತ್ತು, ತೇವವಿಲ್ಲದೆ ಇದ್ದ ಚೂರೂ ಬೇರಿನ ತನಕ ಬರಲಿಲ್ಲ.

ಚೀಟಿ ಬರೆದೆ: ಮರಕ್ಕೆ 50 ಗ್ರಾಂ ಬೋರಾಕ್ಸ್, ಪಾತಿಯಲ್ಲಿ ಸುತ್ತಲೂ ಹರಡಿ ಮಣ್ಣಿಗೆ ಬೆರೆಸಿ ನೀರು ಕೊಡುವುದು, ಕಾಂಡಕ್ಕೆ ತಾಗಿಸದಿರುವುದು. ಕೆಳಗೆ ಅಡಿಗೆರೆ ಎಳೆದು: ‘ಹೆಚ್ಚು ಹಾಕಬಾರದು.’ ಬೋರಾನ್ ಬೇಕಾದ್ದಕ್ಕೂ ವಿಷವಾಗುವುದಕ್ಕೂ ನಡುವಿನ ಅಂತರ ಬಹಳ ಕಿರಿದು. ಸತು ನಾಲ್ಕು ಪಟ್ಟು ಬಿದ್ದರೂ ಮರ ತಡೆದುಕೊಂಡೀತು. ಬೋರಾನ್ ಹಾಗೆ ಬಿದ್ದರೆ ಹಳೆ ಗರಿಯ ತುದಿ ಸುಟ್ಟುಹೋಗುತ್ತದೆ. ಗಿಡಕ್ಕೆ ಬೋರಾನ್ ಬೇಕೇ ಬೇಕು ಎಂದು ಕ್ಯಾಥರೀನ್ ವಾರಿಂಗ್ಟನ್ ಎಂಬಾಕೆ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಅವರೆ ಜಾತಿಯ ಗಿಡ ಬೆಳೆಸಿ 1923ರಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ಈ ಕೊರತೆಯನ್ನು ಎಷ್ಟು ಕಡೆ ರೋಗವೆಂದೇ ತಿಳಿದಿದ್ದರೋ!

ಮಾರ್ಚ್ 21

ರಾಗಿ ಹೊಲದ ಮಾತು ಬಂದು ಭೂಚೇತನ ನೆನಪಾಯಿತು. 2009ರಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಸರ್ಕಾರ ಶುರುಮಾಡಿದ ಕಾರ್ಯಕ್ರಮ. ಮೊದಲ ವರ್ಷದ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. ಸಾರಜನಕ, ರಂಜಕದ ಆಚೆಗೆ ಗಂಧಕ, ಸತು, ಬೋರಾನ್ ಕೂಡ ನಮ್ಮ ಖುಷ್ಕಿ ಹೊಲಗಳಲ್ಲಿ ವ್ಯಾಪಕವಾಗಿ ಸಾಲದೆ ಬಂದಿವೆ ಎಂದು ಮೊದಲು ಊರೂರಿಗೆ ಮುಟ್ಟಿಸಿದ್ದು ಅದೇ. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ರೈತ ಸಂಪರ್ಕ ಕೇಂದ್ರಕ್ಕೆ ಬಂದವು. ತಾಲ್ಲೂಕಿನ ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಕೊರತೆ ಇದ್ದರೆ ಪೂರ್ತಿ ಪ್ರಮಾಣ, ಇಲ್ಲದಿದ್ದರೆ ಅರ್ಧ ಎಂಬುದು ಶಿಫಾರಸಿನ ಸೂತ್ರ. ವರ್ಷಕ್ಕೊಮ್ಮೆ ಕೊಯ್ಲಾಗುವ ರಾಗಿ, ಕಡ್ಲೆಕಾಯಿಗೆ ಆ ಸೂತ್ರ ಒಪ್ಪುತ್ತದೆ. ಐವತ್ತು ಅರವತ್ತು ವರ್ಷ ಒಂದೇ ಕಡೆ ನಿಲ್ಲುವ ತೆಂಗಿಗೆ, ಮಾವಿಗೆ, ಹಲಸಿಗೆ ಒಪ್ಪುವುದಿಲ್ಲ. ಅವುಗಳ ಬೇರು ಎಲ್ಲಿಂದ ಏನು ತರುತ್ತಿದೆ ಎಂದು ಎಲೆಯನ್ನೇ ಕೇಳಬೇಕು.

ಏಪ್ರಿಲ್ 17

ಹಾಗಲವಾಡಿ ಕಡೆಯಿಂದ ಮಾವಿನ ತೋಟದ ದಂಪತಿ ಬಂದಿದ್ದರು. ಎಲೆ ಪರೀಕ್ಷೆಯ ಹಾಳೆ ಅವರೇ ತಂದಿದ್ದರು. ಸತು, ಮ್ಯಾಂಗನೀಸ್ ಎರಡೂ ಮಾಮೂಲಿಗಿಂತ ಹಲವು ಪಟ್ಟು. “ಇಷ್ಟೊಂದು ಐತಲ್ಲ ಅಕ್ಕ, ಆದ್ರೂ ಯಾಕೆ ಎಲೆ ಚಿಕ್ಕದಾಗ್ತೈತೆ?” ಆ ಹೆಣ್ಣುಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಚಿಕ್ಕ ಎಲೆ, ಒತ್ತೊತ್ತಾದ ಗೆಣ್ಣು, ಇದು ಸತುವಿನ ಕೊರತೆಯ ಲಕ್ಷಣ. ಹಾಳೆ ನೋಡಿದರೆ ಸತು ತುಂಬಿ ತುಳುಕುತ್ತಿದೆ.

ಹೂ ಬಿಟ್ಟಾಗ ಏನು ಸಿಂಪಡಿಸಿದಿರಿ ಎಂದು ಕೇಳಿದೆ. ಮ್ಯಾಂಕೋಜೆಬ್. ಅದರಲ್ಲಿರುವುದೇ ಮ್ಯಾಂಗನೀಸ್ ಮತ್ತು ಸತು. ಎಲೆಯ ಮೇಲೆ ಅಂಟಿದ ಔಷಧಿ ಎಲೆಯೊಳಗಿನ ಪೋಷಕಾಂಶದ ಲೆಕ್ಕಕ್ಕೆ ಸೇರಿಬಿಟ್ಟಿದೆ. ಬೋರ್ಡೋ ದ್ರಾವಣ ಹೊಡೆದ ಮೇಲೆ ತೆಗೆದ ಎಲೆಯಲ್ಲಿ ತಾಮ್ರವೂ ಹೀಗೇ ಉಬ್ಬುತ್ತದೆ. ಪಕ್ಕದಲ್ಲಿದ್ದ ಮಣ್ಣಿನ ಕಾರ್ಡಿನಲ್ಲಿ ಸತು 0.4, ರಂಜಕ ‘ಅತಿ ಹೆಚ್ಚು’. ವರ್ಷ ವರ್ಷವೂ ಡಿಎಪಿ ಬಿದ್ದ ತೋಟ. ರಂಜಕ ಏರಿದಷ್ಟೂ ಗಿಡಕ್ಕೆ ಸತು ದಕ್ಕುವುದು ಕಷ್ಟ. ಮಣ್ಣಿನ ಹಾಳೆಯನ್ನೂ ಮರವನ್ನೂ ನಂಬಿ ಎಲೆಯ ಹಾಳೆಯನ್ನು ಪಕ್ಕಕ್ಕಿಡಿ, ಹೊಸ ಚಿಗುರು ಬಂದು ಬಲಿತ ಮೇಲೆ, ಸಿಂಪಡಣೆಗೆ ಮುಂಚೆ ಮತ್ತೆ ತೆಗೆಸಿ ಅಂದೆ. ಅಲ್ಲಿಯವರೆಗೆ ಡಿಎಪಿ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರಕ್ಕೆ ಸತುವಿನ ಸಲ್ಫೇಟ್ ಬೆರೆಸಿ ಹಾಕಿ. ಡಿಎಪಿಯನ್ನೂ ಸತುವಿನ ಸಲ್ಫೇಟನ್ನೂ ಒಂದೇ ದಿನ ಒಂದೇ ಪಾತಿಗೆ ಸುರಿಯುವುದು ದುಡ್ಡನ್ನು ಮಣ್ಣಿಗೆ ಹಾಕಿದ ಹಾಗೆ.

ಮೇ 19

ಚೇಳೂರಿನಲ್ಲಿ ಹಲಸಿನ ಕಾಲ. ಮಾರುಕಟ್ಟೆ ಕಡೆ ಕಾಲಿಡಲು ಜಾಗವಿಲ್ಲ. ಊರಿಗೆ ‘ಸಿದ್ದು’ ಎಂಬ ಹಲಸಿನ ತಳಿ ಹೆಸರು ತಂದುಕೊಟ್ಟ ಮೇಲೆ ಹಲಸಿಗೂ ಗೊಬ್ಬರ, ಪರೀಕ್ಷೆ ಎಂದು ಕೇಳುವವರು ಬಂದಿದ್ದಾರೆ, ಸಂತೋಷ.

ಅಲ್ಲೇ ಸಿಕ್ಕ ದೂರದ ನೆಂಟರು ತಮ್ಮ ತೆಂಗು ಸೊರಗುತ್ತಿದೆ ಎಂದು ಕರೆದುಕೊಂಡು ಹೋದರು. ಲಘು ಪೋಷಕಾಂಶದ ಮಿಶ್ರಣ ಪೊಟ್ಟಣಗಟ್ಟಲೆ ಹಾಕಿದ್ದಾರೆ. ಹೊರಗಿನ ಗರಿಗಳು ಕಾಂಡಕ್ಕೆ ಜೋತುಬಿದ್ದಿವೆ, ಬುಡದಿಂದ ಒಂದೆರಡು ಅಡಿ ಮೇಲೆ ಕಂದು ರಸ ಸೋರಿ ಒಣಗಿದೆ. ಇದು ಅಣಬೆ ರೋಗ. ಇದಕ್ಕೆ ಯಾವ ಹಾಳೆಯೂ ಬೇಡ. ಸೋಂಕಿನ ಮರದ ಸುತ್ತ ಕಂದಕ ತೋಡಿ, ಬೇವಿನ ಹಿಂಡಿಗೆ ಟ್ರೈಕೋಡರ್ಮ ಬೆರೆಸಿ ಹಾಕಿ, ಆ ಪಾತಿಯ ನೀರು ಪಕ್ಕದ ಪಾತಿಗೆ ಹರಿಯದಂತೆ ಮಾಡಿ, ನಾಳೆಯೇ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ ಎಂದು ಹೇಳಿ ಬಂದೆ. ಮರ ಸೊರಗಿತು ಎಂದರೆ ಗೊಬ್ಬರ ಸಾಲದು ಎಂದೇ ಅರ್ಥ ಮಾಡುವುದು ನಿಲ್ಲಬೇಕು. ಸಂಕಟವಾಯಿತು. ಒಂದು ವರ್ಷ ಮುಂಚೆ ಯಾರಾದರೂ ಆ ಕಾಂಡವನ್ನು ನೋಡಿದ್ದರೆ ಪಕ್ಕದ ಮರಗಳಾದರೂ ಉಳಿಯುತ್ತಿದ್ದವು.

ಜುಲೈ 10

ತಮ್ಮನ ಅಡಿಕೆ. ಎರಡು ವರ್ಷದ ಗಿಡ, ಕೊಳವೆಬಾವಿಯ ಡ್ರಿಪ್. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ನೋಡಿದವರೆಲ್ಲ ಕಬ್ಬಿಣದ ಕೊರತೆ ಎನ್ನುತ್ತಾರೆ, ನನಗೂ ಹಾಗೇ ಕಂಡಿತು. ಮಣ್ಣಿನ ಹಾಳೆಯಲ್ಲಿ ಕಬ್ಬಿಣ 9 ಪಿಪಿಎಂ, ಮಿತಿಯ ಎರಡರಷ್ಟು. ಎಲೆಯ ಹಾಳೆಯಲ್ಲಿ ಹಳದಿ ಎಲೆಗೆ 190, ಅದೇ ವಯಸ್ಸಿನ ಹಸಿರು ಎಲೆಗೆ 170. ಹಳದಿ ಎಲೆಯಲ್ಲೇ ಹೆಚ್ಚು!

“ಎರಡ್ರಲ್ಲೂ ಸಾಕಷ್ಟು ಅಂತೈತಲ್ಲಕ್ಕ. ಕೆಮ್ಮಣ್ಣಲ್ಲಿ ಕಬ್ಬಿಣಕ್ಕೇನು ಬರವೇ?” ಅಂದ ತಮ್ಮ.

ಬರವಿಲ್ಲ, ನಿಜ. ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಮಣ್ಣಿನ ಒಟ್ಟು ಕಬ್ಬಿಣ ಶೇಕಡಾ ಲೆಕ್ಕದಲ್ಲಿರುತ್ತದೆ, ಶೇಕಡಾ ಒಂದು ಎಂದರೇ 10,000 ಪಿಪಿಎಂ. ಅದರಲ್ಲಿ ಬೇರಿಗೆ ಸಿಗುವುದು ಎಷ್ಟು ಎಂಬುದನ್ನು ರಸಸಾರ ತೀರ್ಮಾನಿಸುತ್ತದೆ. ರಸಸಾರ ಒಂದು ಅಂಕ ಏರಿದರೆ ಕರಗುವ ಕಬ್ಬಿಣ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸತು ನೂರರಲ್ಲಿ ಒಂದು ಪಾಲಿಗೆ. ಇವನ ಹಾಳೆಯಲ್ಲಿ ರಸಸಾರ 8.3.

ಎಲೆಯ ಅಂಕಿಯ ಗೊಂದಲವೂ ಹೊಸದಲ್ಲ. ಹಳದಿಯಾದ ಎಲೆಯೊಳಗೆ ಕಬ್ಬಿಣ ಬಂದು ಸೇರಿರುತ್ತದೆ, ಆದರೆ ಕೆಲಸಕ್ಕೆ ಬಾರದ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ. ನಮ್ಮ ದೇಶದವರೇ ಆದ ಕತ್ಯಾಲ್ ಮತ್ತು ಶರ್ಮಾ 1980ರಲ್ಲಿ ಇದಕ್ಕೆ ದಾರಿ ತೋರಿಸಿದರು: ಒಟ್ಟು ಕಬ್ಬಿಣವನ್ನು ಬಿಟ್ಟು, ಹಸಿ ಎಲೆಯನ್ನು ಸಣ್ಣಗೆ ಹೆಚ್ಚಿ ಫಿನಾಂತ್ರೋಲಿನ್ ದ್ರಾವಣದಲ್ಲಿ ನೆನೆಸಿ, ಕೆಲಸ ಮಾಡುವ ಫೆರಸ್ ರೂಪದ ಕಬ್ಬಿಣವನ್ನಷ್ಟೇ ಅಳೆಯುವುದು. ಒಣಗಿಸಿ ಪುಡಿ ಮಾಡಿದ ಎಲೆಯಲ್ಲಿ ಇದು ಆಗುವುದಿಲ್ಲ. ನಾವು ಕಳಿಸಿದ್ದು ಒಣಗಿಸುವ ಮಾಮೂಲಿ ಪರೀಕ್ಷೆಗೆ.

ಹಾಗಾಗಿ ಗಿಡವನ್ನೇ ಕೇಳುವುದು. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ. ಕೆಲವು ಗಿಡ ಆರಿಸಿ ಹಳದಿ ಎಲೆಯ ಒಂದೇ ಬದಿಗೆ ಬ್ರಷ್ಷಿನಿಂದ ಬಳಿದೆವು, ಇನ್ನೊಂದು ಬದಿ ಹಾಗೇ ಬಿಟ್ಟೆವು. ಬೇರೆ ಸಾಲಿನಲ್ಲಿ ಸತುವಿನ ಸಲ್ಫೇಟಿಗೆ ಸುಣ್ಣ ಸೇರಿಸಿದ ದ್ರಾವಣ. ಗುರುತಿಗೆ ದಾರ ಕಟ್ಟಿದೆವು.

ಮನೆಗೆ ಬರುವ ಮುಂಚೆ ಡ್ರಿಪ್ ಪೈಪನ್ನು ಕೈಯಲ್ಲಿ ಹಿಡಿದು ನೋಡಿದೆ. ಹನಿ ಬೀಳುವ ಬಾಯಿಯ ಸುತ್ತ ಬಿಳಿ ಹಕ್ಕಳೆ ಕಟ್ಟಿದೆ. ಉಗುರಲ್ಲಿ ಕೆರೆದು ಅಂಗೈ ಮೇಲೆ ಹಾಕಿಕೊಂಡು ನಿಂಬೆಹಣ್ಣಿನ ರಸ ಬಿಟ್ಟೆ. ಗುಳ್ಳೆಗುಳ್ಳೆಯಾಗಿ ನೊರೆ ಬಂತು. ಸುಣ್ಣ. ಆಳದ ಬೋರಿನ ನೀರಿನಲ್ಲಿರುವ ಬೈಕಾರ್ಬೊನೇಟ್ ದಿನಾ ಬೇರಿನ ಬಾಯಿಗೇ ಹನಿಯುತ್ತಿದೆ.

ಜುಲೈ 22

ಫೆರಸ್ ಸಲ್ಫೇಟ್ ಬಳಿದ ಬದಿ ಹಸಿರು ತಿರುಗಿದೆ. ಅದೇ ಎಲೆಯ ಬಳಿಯದ ಬದಿ ಹಳದಿಯಾಗಿಯೇ ಇದೆ. ಸತು ಬಳಿದ ಕಡೆ ಏನೂ ಬದಲಾಗಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ಯಾವ ಯಂತ್ರವೂ ಹೇಳಲಾರದು. ತಮ್ಮ ಫೋಟೊ ತೆಗೆದು ಊರಿನವರಿಗೆಲ್ಲ ಕಳಿಸಿದ.

ಈಗ ಏನು ಮಾಡುವುದೆಂದು ಕೂತು ಮಾತಾಡಿದೆವು. ಪಾತಿಗೆ ಫೆರಸ್ ಸಲ್ಫೇಟ್ ಸುರಿದರೆ ಈ ಮಣ್ಣಿನಲ್ಲಿ ಬಲುಬೇಗ ತುಕ್ಕಾಗಿ ಕೂರುತ್ತದೆ, ಮೊದಲೇ ಇರುವ ಕೆಮ್ಮಣ್ಣಿಗೆ ಇನ್ನಷ್ಟು ಕೆಂಪು. ಅಂಗಡಿಯಲ್ಲಿ ‘ಚಿಲೇಟೆಡ್ ಕಬ್ಬಿಣ’ ಎಂದು ಕೊಡುವುದರಲ್ಲೂ ಎರಡು ಬಗೆ. ಇಡಿಟಿಎ ಹಿಡಿದ ಕಬ್ಬಿಣ ರಸಸಾರ ಏಳರ ಹತ್ತಿರ ಬರುವಾಗಲೇ ಬಿಟ್ಟುಹೋಗಲು ಶುರುವಾಗುತ್ತದೆ, ಇಡಿಡಿಎಚ್‌ಎ ಹಿಡಿದದ್ದು ಎಂಟು ಒಂಬತ್ತರಲ್ಲೂ ನಿಲ್ಲುತ್ತದೆ. ಪೊಟ್ಟಣದ ಹಿಂಬದಿ ಓದದೆ ತರಬೇಡ ಅಂದೆ. ಸದ್ಯಕ್ಕೆ ಎಲೆಗೆ ಸಿಂಪಡಣೆ. ಪಾತಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ದಿನಾ ನೀರು ಬಿಡುವುದರ ಬದಲು ಮಣ್ಣು ಉಸಿರಾಡಲು ಬಿಟ್ಟು ಬಿಟ್ಟು ಕೊಡುವುದು, ಏಕೆಂದರೆ ಸದಾ ಒದ್ದೆಯಿರುವ ಬೇರಿನ ಸುತ್ತ ಬೈಕಾರ್ಬೊನೇಟ್ ಇನ್ನೂ ಹೆಚ್ಚುತ್ತದೆ. ಕೃಷಿ ಹೊಂಡದಲ್ಲಿ ನಿಂತ ಮಳೆನೀರನ್ನು ಬೋರಿನ ನೀರಿಗೆ ಬೆರೆಸುವುದು. ರಂಜಕ ಈ ವರ್ಷ ಬೇಡವೇ ಬೇಡ.

ಅಕ್ಟೋಬರ್ 14

ಚಿಕ್ಕಪ್ಪನ ತೋಟ ನೋಡಿ ಬಂದೆ. ಬೋರಾಕ್ಸ್ ಹಾಕಿದ ಮೇಲೆ ಬಂದ ಗರಿಗಳಲ್ಲಿ ಎಲೆ ಬಿಡಿಬಿಡಿಯಾಗಿ ನೇರ ಬಂದಿದೆ. ಕೊಕ್ಕೆಯಾದ ಹಳೆಯವು ಕೊಕ್ಕೆಯಾಗಿಯೇ ಇವೆ, ಅವು ಸರಿಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. “ಕಾಯಿ ಯಾವಾಗ ಜಾಸ್ತಿಯಾಗ್ತದವ್ವ?” ಎಂದರು. ತೆಂಗು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಗರಿ ಬಿಡುವ ಮರ, ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಒಂದು ವರ್ಷ. ಅದರ ಲೆಕ್ಕ ಮುಂದಿನ ವರ್ಷ ಹಾಕೋಣ, ಈ ವರ್ಷ ಮತ್ತೆ ಬೋರಾಕ್ಸ್ ಬೇಡ, ಫೆಬ್ರವರಿಯಲ್ಲಿ ಅದೇ ಮರಗಳ ಅದೇ ಎಣಿಕೆಯ ಗರಿಯಿಂದ ಎಲೆ ತೆಗೆದು ನೋಡಿದ ಮೇಲೆ ತೀರ್ಮಾನ ಎಂದೆ. ಒಪ್ಪಿದರು.

ರಾತ್ರಿ ಕೃಷಿ ಇಲಾಖೆಗೆ ಪತ್ರ ಬರೆಯಲು ಕೂತೆ. ಕರಡನ್ನು ಇಲ್ಲೂ ಇಳಿಸುತ್ತೇನೆ. ‘ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿವೆ, ಬೋರಿನ ನೀರಿಗೆ ಒಂದು ಸಾಲೂ ಇಲ್ಲ. ನಮ್ಮ ಹೋಬಳಿಯ ಅಡಿಕೆ, ತೆಂಗು ಬಹುಪಾಲು ಬದುಕಿರುವುದು ಕೊಳವೆಬಾವಿಯ ಮೇಲೆ. ಮಣ್ಣಿನಲ್ಲಿ ಸಾಕಷ್ಟು ಎಂದು ಬರೆದ ಕಬ್ಬಿಣ, ಸತು ಗಿಡಕ್ಕೆ ಸಿಗದಂತೆ ತಡೆಯುತ್ತಿರುವುದು ಬಹಳ ಕಡೆ ಆ ನೀರು. ಆದ್ದರಿಂದ ತೋಟದ ಬೆಳೆ ಇರುವ ರೈತರ ಕಾರ್ಡಿನಲ್ಲಿ ನೀರಿನ ರಸಸಾರ ಮತ್ತು ಬೈಕಾರ್ಬೊನೇಟ್ ಎರಡನ್ನೂ ಸೇರಿಸಬೇಕು. ಎಲೆ ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಪಡೆದು ಕಳಿಸುವ ಏರ್ಪಾಡು ಮಾಡಬೇಕು. ಮಾದರಿ ತೆಗೆಯುವುದನ್ನು ಊರಿನ ಹುಡುಗರಿಗೆ ಕಲಿಸಲು ನಾನು ಸಿದ್ಧಳಿದ್ದೇನೆ.’